ದೊಡ್ಡದ ಮಾಡ್ರಿ

ನಮ್ಮ ಮನೆಯಲ್ಲಿ ದೀಪ ಆರಿಸು ಎಂದು ಯಾರೂ ಅನ್ನುವಂತಿರಲಿಲ್ಲ. ಆರುವುದು, ನಂದುವುದು ಇವೆಲ್ಲ ಮನುಷ್ಯರು ಹೋದಾಗ ಆಡುವ ಮಾತು ಎಂದು ಅವ್ವ ಬಲವಾಗಿ ನಂಬಿದ್ದಳು. ದೀಪ ಆರಿಸಬೇಕಾದಾಗ "ದೀಪ ದೊಡ್ಡದ ಮಾಡು" ಅನ್ನುತ್ತಿದ್ದಳು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಎಲ್ಲರದೂ ಅದೇ ರೂಢಿ. ದೇವರ ಮುಂದಿನ ಹಣತೆಗೆ ಹುಟ್ಟಿದ ಮಾತು ಬರಬರುತ್ತ ಕರೆಂಟಿನ ಬಲ್ಬಿಗೂ ಗ್ಯಾಸ್ ಒಲೆಗೂ ಅಂಟಿಕೊಂಡಿತ್ತು. ಹಾಲು ಉಕ್ಕಿ ಬರುವಾಗ ಅವ್ವ ಅಂಗಳದಿಂದ "ಲಗೂನ ದೊಡ್ಡದ ಮಾಡವ್ವಾ!" ಎಂದು ಕೂಗಿದರೆ ನಾನು ಓಡಿಹೋಗಿ ಒಲೆ ಬಂದ್ ಮಾಡುತ್ತಿದ್ದೆ. ಅದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ.

ವಿಚಿತ್ರ ಕಂಡದ್ದು ಎಂಜಿನಿಯರಿಂಗ್ ಓದಲು ಹಾಸ್ಟೆಲ್ ಸೇರಿದ ಮೇಲೆ. ನನ್ನ ಕೋಣೆಯವಳು ದಕ್ಷಿಣದ ಕಡೆಯ ಹುಡುಗಿ. ಒಂದು ದಿನ ಕದ್ದು ಸ್ಟೋವ್ ಮೇಲೆ ಉಪ್ಪಿಟ್ಟು ಮಾಡುತ್ತಿದ್ದೆವು. ನಾನು ಬಕೆಟ್ ತರಲು ಹೋಗುತ್ತ "ಸ್ಟೋವ್ ದೊಡ್ಡದು ಮಾಡೇ" ಅಂದೆ. ವಾಪಸ್ ಬಂದು ನೋಡಿದರೆ ಉಪ್ಪಿಟ್ಟು ಕರಕಲು, ಕೋಣೆಯ ತುಂಬ ಹೊಗೆ, ವಾರ್ಡನ್ ಬಾಗಿಲಲ್ಲಿ. "ನೀನೇ ಹೇಳಿದ್ದಲ್ಲೇ ದೊಡ್ಡದು ಮಾಡು ಅಂತ" ಎಂದು ಅವಳು ಅಳುಮುಖ ಮಾಡಿದಳು. ಆಮೇಲೆ ಎಷ್ಟೋ ದಿನ ಇದನ್ನು ಹೇಳಿಕೊಂಡು ನಕ್ಕಿದ್ದೇವೆ.

ಮುಂದೆ ಬೆಂಕಿ ಆರುವುದನ್ನೇ ಓದುವುದು ನನ್ನ ಹೊಟ್ಟೆಪಾಡಾಯಿತು. ನಾನು ವಿಮಾನದ ಎಂಜಿನ್ನಿನೊಳಗಿನ ಬೆಂಕಿಯ ಮೇಲೆ ಸಂಶೋಧನೆ ಮಾಡುವವಳು. ಹಣ ಸೈನ್ಯದ್ದು. ಹೀಗಂದ ಕೂಡಲೇ ಜನರ ಕಣ್ಣು ಅರಳುತ್ತದೆ, ಇಲ್ಲವೇ ಕಿರಿದಾಗುತ್ತದೆ. ನಮ್ಮ ಸಂಬಂಧಿಕರಲ್ಲಿ ಅರ್ಧದಷ್ಟು ಮಂದಿ ನಾನು ಬಾಂಬು ಮಾಡುತ್ತೇನೆ ಅಂದುಕೊಂಡಿದ್ದರು. ಉಳಿದವರು ವಿಮಾನ ಓಡಿಸುತ್ತೇನೆ ಅಂದುಕೊಂಡಿದ್ದರು. ನಾನು ಮಾಡುತ್ತಿದ್ದದ್ದು ಒಲೆ ನೋಡಿಕೊಳ್ಳುವ ಕೆಲಸ. ಯುದ್ಧವಿಮಾನ ಬಹಳ ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗುತ್ತದೆ. ಆಗ ಪೈಲಟ್ ಒಮ್ಮೆಲೇ ವೇಗ ಇಳಿಸಿದರೆ ಎಂಜಿನ್ನಿನೊಳಗಿನ ಉರಿ ಆರಿಹೋಗಬಹುದು. ಆರಿದರೆ ಅದು ವಿಮಾನವಲ್ಲ, ಆಕಾಶದಿಂದ ಬೀಳುತ್ತಿರುವ ಕಬ್ಬಿಣ, ಒಳಗೊಬ್ಬ ಮನುಷ್ಯ. ಉರಿ ಯಾವಾಗ ಆರುತ್ತದೆ, ಆರಿದ ಮೇಲೆ ಮತ್ತೆ ಹೊತ್ತಿಸುವುದು ಹೇಗೆ, ಇಷ್ಟೇ ನಮ್ಮ ಪ್ರಶ್ನೆ. ಈ ಕೆಲಸದಲ್ಲಿ ನನಗೆ ನಾಚಿಕೆ ಇಲ್ಲ. ಸೈನ್ಯದ ಹಣವಾದರೇನು, ನಾನು ಉಳಿಸಲು ನೋಡುತ್ತಿದ್ದದ್ದು ಕೆಳಗೆ ಬೀಳುವ ಆ ಒಬ್ಬ ಮನುಷ್ಯನನ್ನು.

ನಮ್ಮ ಪರೀಕ್ಷೆಯ ಶೆಡ್ಡು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ಹೆದ್ದಾರಿಯಿಂದ ಒಳಗೆ, ತೊಗರಿ ಹೊಲಗಳ ಮಧ್ಯದಲ್ಲಿತ್ತು. ಹಿಂದೆ ಅದು ಯಾರದೋ ಗೋದಾಮು. ದೊಡ್ಡ ಶಹರದಲ್ಲಿ ಅಷ್ಟು ಸದ್ದು ಮಾಡಲು ಬಿಡುವುದಿಲ್ಲ. ತೊಗರಿ ತಕರಾರು ಮಾಡುವುದಿಲ್ಲ. ಹುಟ್ಟಿದ ಊರಿನ ಪಕ್ಕದಲ್ಲೇ ಇಂಥ ಕೆಲಸ ಸಿಕ್ಕಿತಲ್ಲ ಎಂದು ನಾನಂತೂ ಹಿಗ್ಗಿ ಹೋಗಿದ್ದೆ. ಒಳಗೆ ಒಂದು ಕಬ್ಬಿಣದ ಕಟ್ಟೆಯ ಮೇಲೆ ನಮ್ಮ ಉರಿಕೋಣೆ ಇತ್ತು. ಅದು ಇಡೀ ಎಂಜಿನ್ನಲ್ಲ, ಎಂಜಿನ್ನಿನಲ್ಲಿ ಇಂಧನ ಉರಿಯುವ ಜಾಗದ ಒಂದು ತುಂಡು, ಕಲ್ಲಂಗಡಿಯ ಒಂದು ಹೋಳಿದ್ದಂತೆ. ಒಂದು ಕಡೆಯಿಂದ ಕಾಯಿಸಿದ ಗಾಳಿ ನುಗ್ಗುತ್ತಿತ್ತು, ಇನ್ನೊಂದು ಕಡೆಯಿಂದ ಸೀಮೆಎಣ್ಣೆಯಂಥ ಇಂಧನ ಸಣ್ಣ ತುಂತುರಾಗಿ ಬೀಳುತ್ತಿತ್ತು. ಪಕ್ಕದಲ್ಲಿ ಒಂದು ದಪ್ಪ ಗಾಜಿನ ಕಿಟಕಿ. ಅದರಲ್ಲಿ ನೋಡಿದರೆ ನೀಲಿ ಉರಿ ಸುತ್ತುತ್ತ ನಿಂತಿರುತ್ತಿತ್ತು. ನಾವು ಇಂಧನ ಕಡಿಮೆ ಮಾಡುತ್ತ ಮಾಡುತ್ತ ಅದು ಯಾವಾಗ ಸಾಯುತ್ತದೆ ಎಂದು ನೋಡುತ್ತಿದ್ದೆವು. ಕಾಗದದ ಮೇಲೆ ಅದಕ್ಕೆ ಉದ್ದದ ಇಂಗ್ಲಿಷ್ ಹೆಸರಿತ್ತು. ಶೆಡ್ಡಿನಲ್ಲಿ ನಾವದನ್ನು ಒಲಿ ಎಂದೇ ಕರೆಯುತ್ತಿದ್ದೆವು.

ಒಲೆಗೆ ಗಾಳಿ, ಇಂಧನ ಬಿಡುವ ಕವಾಟಗಳೆಲ್ಲ ಇದ್ದದ್ದು ಹುಮನಾಬಾದಿನ ಒಬ್ಬರ ಕೈಯಲ್ಲಿ. ಡಿಪ್ಲೊಮಾ ಓದಿದವರು, ನನಗಿಂತ ವಯಸ್ಸಿನಲ್ಲಿ ಹಿರಿಯರು. ಅವರ ಮನೆತನದವರು ಹುಮನಾಬಾದಿನಲ್ಲಿ ಯಾವ ಕಾಲದಿಂದಲೋ ಇದ್ದಾರೆ. ಅಜ್ಜ ತಾಮ್ರದ ಕೆಲಸ ಮಾಡುತ್ತಿದ್ದರಂತೆ. ನಾನು ಅವರನ್ನು ಭಾಯ್ ಅನ್ನುತ್ತಿದ್ದೆ. ಅವರು ನನ್ನನ್ನು ಅಕ್ಕೋರ ಅನ್ನುತ್ತಿದ್ದರು, ನಮ್ಮ ಕಡೆ ಶಾಲೆಯ ಟೀಚರಮ್ಮನವರನ್ನು ಕರೆಯುವಂತೆ. ಇಸ್ತ್ರಿ ಮಾಡಿದ ಅಂಗಿ ಇಲ್ಲದೆ ಕೆಲಸಕ್ಕೆ ಬಂದವರಲ್ಲ. ಎಣ್ಣೆ, ಮಸಿ, ಧೂಳಿನ ನಡುವೆ ಆ ಅಂಗಿ ಸಂಜೆಯವರೆಗೆ ಬಿಳಿಯಾಗಿಯೇ ಇರುತ್ತಿತ್ತು. ಅದು ಹೇಗೆಂದು ನನಗೆ ಇಂದಿಗೂ ಗೊತ್ತಾಗಿಲ್ಲ. ಚಹಾದ ವಿಷಯದಲ್ಲಿ ಮಹಾ ಹಟಮಾರಿ. ಹಾಲು ಕಡಿಮೆಯಾದರೆ ಲೋಟ ಮುಟ್ಟುತ್ತಿರಲಿಲ್ಲ. ನನಗೆ ಬೇಗ ಸಿಟ್ಟು ಬರುತ್ತದೆ. ಒಮ್ಮೆ ಫೋನಿನಲ್ಲಿ ಯಾರನ್ನೋ ಹಿಗ್ಗಾಮುಗ್ಗಾ ಬೈದು ಇಟ್ಟಾಗ ಅವರು ಪಕ್ಕದಿಂದ ಮೆಲ್ಲಗೆ ಅಂದರು, "ಅಕ್ಕೋರ, ನಿಮಗ ಹೊತ್ತಸಾಕ ಕಿಡಿ ಸುದ್ದಾ ಬೇಕಾಗಂಗಿಲ್ರಿ."

ನಮ್ಮಿಬ್ಬರ ಮನೆಯ ಮಾತು ಒಂದೇ ಎಂದು ಗೊತ್ತಾದದ್ದು ಒಂದು ಸಂಜೆ ಶೆಡ್ಡಿಗೆ ಬೀಗ ಹಾಕುವಾಗ. ನಾನು ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ರೂಢಿಯಂತೆ "ಭಾಯ್, ಲೈಟ್ ದೊಡ್ಡದ ಮಾಡ್ರಿ" ಅಂದುಬಿಟ್ಟೆ. ಹಾಸ್ಟೆಲಿನ ಉಪ್ಪಿಟ್ಟು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ ಸುಮ್ಮನೆ ಸ್ವಿಚ್ ಒತ್ತಿ ದೀಪ ಆರಿಸಿ ಹೊರಗೆ ಬಂದರು.

"ನಿಮಗ ತಿಳೀತೇನ್ರಿ?" ಅಂದೆ.

"ತಿಳೀದಂತಾದ್ದು ಏನದರಿ? ನಮ್ಮ ಅಮ್ಮೀನೂ ಚಿರಾಗ್ ಬಢಾವ್ ಅಂತಿದ್ರು. ದುಕಾನ್ ಮುಚ್ಚಿದ್ರ ಸುದ್ದಾ ಬಢಾ ದಿಯೇ ಅನ್ನಬೇಕು. ಮುಚ್ಚಿದೆ ಅಂದ್ರ ಮುಗೀತು, ನಮ್ಮ ಅಬ್ಬಾ ಹೊಡ್ಯಾಕ ಚಪ್ಪಲಿ ಹುಡುಕ್ತಿದ್ರು."

ನಾವು ಬಾಗಿಲಲ್ಲೇ ನಿಂತು ನಕ್ಕೆವು. ಬಢಾವ್ ಅಂದರೂ ದೊಡ್ಡದು ಮಾಡು ಎಂದೇ ಅರ್ಥ. ಅವ್ವ ವಿಭೂತಿ ಹಚ್ಚಿಕೊಂಡು ಹೇಳುತ್ತಿದ್ದದ್ದನ್ನೇ ಅವರ ಅಮ್ಮಿ ತಲೆಯ ಮೇಲೆ ಸೆರಗು ಹೊದ್ದು ಉರ್ದುವಿನಲ್ಲಿ ಹೇಳಿದ್ದರು. ಅಂದಿನಿಂದ ಅದು ನಮ್ಮಿಬ್ಬರ ಗುಟ್ಟಿನ ತಮಾಷೆಯಾಯಿತು. ಉರಿ ಆರಿದಾಗ ನಾನು ವರದಿಯಲ್ಲಿ ಏನೇ ಬರೆಯಲಿ, ಚಹಾ ಕುಡಿಯುವಾಗ ಭಾಯ್ "ಇವತ್ತ ಎಷ್ಟಕ್ಕ ದೊಡ್ಡದಾತ್ರಿ?" ಎಂದೇ ಕೇಳುತ್ತಿದ್ದರು. ಆದರೆ ಪರೀಕ್ಷೆ ನಡೆಯುತ್ತಿರುವಾಗ ಆ ಮಾತಿಗೆ ಜಾಗವಿರಲಿಲ್ಲ. ಸದ್ದು ಬಹಳವಾದ್ದರಿಂದ ಎಲ್ಲರ ಕಿವಿಗೂ ಹೆಡ್‌ಫೋನು, ಬಾಯಿಯ ಮುಂದೆ ಮೈಕು, ಆಡಿದ ಪ್ರತಿಯೊಂದು ಮಾತೂ ರೆಕಾರ್ಡ್. ಅಲ್ಲಿ ಮೂರೇ ಶಬ್ದ: ಅಪ್, ಡೌನ್, ಕಟ್. ಏರಿಸು, ಇಳಿಸು, ನಿಲ್ಲಿಸು. ಅದು ನಿಯಮ, ನಾವು ಪಾಲಿಸುತ್ತಲೂ ಇದ್ದೆವು.

ಆ ದಿನ ಮುಂಜಾನೆ ಎಲ್ಲವೂ ಸರಿಯಾಗಿತ್ತು. ನಾನು ಒಲೆಯ ಹಿಂದಿನ ಬಾಗಿಲ ಹತ್ತಿರ ನಿಂತು ಒಂದು ಮಾಪಕ ನೋಡುತ್ತಿದ್ದೆ. ಅವರು ಆ ಕಡೆ ಗೋಡೆಯಾಚೆ ಕವಾಟಗಳ ಮುಂದೆ ಕುಳಿತಿದ್ದರು; ನನಗೆ ಅವರು ಕಾಣುತ್ತಿರಲಿಲ್ಲ, ಅವರಿಗೆ ನಾನು ಕಾಣುತ್ತಿರಲಿಲ್ಲ. ಕಣ್ಣು ತಿರುಗಿಸಿದರೆ ಇಂಧನದ ಕೊಳವೆಯ ಒಂದು ಜೋಡಣೆಯಿಂದ ಎಣ್ಣೆ ಸಣ್ಣಗೆ ಚಿಮ್ಮುತ್ತಿದೆ. ಅದರ ಕೆಳಗೇ ಕೆಂಪಗೆ ಕಾದ ಗಾಳಿಯ ಕೊಳವೆ. ಮೂಗಿಗೆ ವಾಸನೆ ಬಡಿಯಿತು. ಆ ತುಂತುರು ಆ ಕೊಳವೆಯ ಮೇಲೆ ಬಿದ್ದು ಹೊತ್ತಿಕೊಂಡರೆ ಮೊದಲು ಹೋಗುವವಳು ನಾನು. ನನಗೆ ಕಟ್ ಎಂಬ ಶಬ್ದ ನೆನಪಾಗಲಿಲ್ಲ. ಓದಿದ ಇಂಗ್ಲಿಷು, ಬರೆದ ನಿಯಮ, ಎಲ್ಲ ಎಲ್ಲಿ ಹೋದವೋ. ಹಾಲು ಉಕ್ಕುವಾಗಿನ ಅವ್ವನ ದನಿಯೇ ನನ್ನ ಬಾಯಿಂದ ಬಂತು.

"ಭಾಯ್, ದೊಡ್ಡದ ಮಾಡ್ರಿ! ದೊಡ್ಡದ ಮಾಡ್ರಿ!"

ಎರಡನೆಯ ಸಲ ಹೇಳಿ ಮುಗಿಸುವ ಮೊದಲೇ ಸದ್ದು ನಿಂತಿತು. ಇಂಧನ, ಗಾಳಿ, ಕಾವು, ಮೂರನ್ನೂ ಅವರು ಒಂದೇ ಏಟಿಗೆ ಬಂದ್ ಮಾಡಿದ್ದರು. ಮರುಕ್ಷಣವೇ ಟಪ್ ಎಂಬ ಸದ್ದು. ಕಾದು ನಿಂತಿದ್ದ ಉರಿಕೋಣೆ ಒಮ್ಮೆಲೇ ತಣಿದದ್ದಕ್ಕೆ ಗಾಜಿನ ಕಿಟಕಿ ಸಿಡಿದು, ಒಳಗಿನ ಲೋಹದ ಗೋಡೆ ಬಿರುಕು ಬಿಟ್ಟಿತು. ಅಂಥ ತುಂಡು ನಮ್ಮ ಹತ್ತಿರ ಅದೊಂದೇ ಇತ್ತು. ವರ್ಷಗಟ್ಟಲೆ ಕಾದು ಮಾಡಿಸಿಕೊಂಡದ್ದು. ಹೋಯಿತು.

ಹೋದರೆ ಹೋಗಲಿ. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಅವರು ಓಡಿ ಬಂದರು. ಬಿಳಿ ಅಂಗಿಯ ತೋಳಿಗೆ ಅಂದು ಮೊದಲ ಬಾರಿ ಎಣ್ಣೆ ಮೆತ್ತಿತ್ತು. "ಅಕ್ಕೋರ, ಎಲ್ಲ್ಯರ ಸುಟ್ಟದೇನ್ರಿ? ಕೈ ತೋರಸ್ರಿ, ಕೈ" ಅನ್ನುತ್ತಿದ್ದರು. ನನಗೆ ಏನೂ ಆಗಿರಲಿಲ್ಲ. ಅದಕ್ಕೇ ಇರಬೇಕು, ಅಳು ಬಂತು.

ಇಷ್ಟು ದುಬಾರಿ ವಸ್ತು ಒಡೆದ ಮೇಲೆ ವಿಚಾರಣೆ ಆಗಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಮೂವರು ಹಿರಿಯರು ಬಂದರು, ನಮ್ಮ ಶೆಡ್ಡಿನ ಕಚೇರಿ ಕೋಣೆಯಲ್ಲೇ ಕುಳಿತರು. ಅಷ್ಟರಲ್ಲಿ ಬೆಂಕಿ ಬೀಳದಿರಲಿ ಎಂದು ಎಣ್ಣೆಯನ್ನೆಲ್ಲ ಒರೆಸಿ, ಆ ಜೋಡಣೆಯನ್ನು ಬಿಗಿಮಾಡಿ ಆಗಿತ್ತು. ಸೋರಿದ್ದಕ್ಕೆ ನನ್ನ ಕಣ್ಣು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಅವರ ಮುಂದೆ ಇದ್ದದ್ದು ಒಡೆದ ತುಂಡು ಮತ್ತು ರೆಕಾರ್ಡಿನಲ್ಲಿದ್ದ ನನ್ನ ಕೂಗು. ಅದನ್ನು ಯಾರೋ ಇಂಗ್ಲಿಷಿಗೆ ಇಳಿಸಿದ್ದರು: ಹೆಚ್ಚು ಮಾಡಿ, ಹೆಚ್ಚು ಮಾಡಿ. ಹೆಚ್ಚು ಮಾಡಲು ಹೇಳಿದರೆ ಈ ಮನುಷ್ಯ ಪೂರ್ತಿ ಬಂದ್ ಮಾಡಿದ್ದಾನೆ. ಯಾಕೆ?

ನಾನು ಹೇಳಿದೆ. ಅವ್ವ, ಹಣತೆ, ಹಾಲು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕಟ್ಟುಕತೆಯಂತೆ ಕೇಳಿಸತೊಡಗಿತು. ಮೂವರಲ್ಲಿ ಒಬ್ಬರು ಕನ್ನಡದವರು. ನನಗೆ ಅವರ ಮೇಲೇ ಭರವಸೆ ಇತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೇಡಂ, ನಾನೂ ಕನ್ನಡದವನೇ. ದೊಡ್ಡದು ಮಾಡಿ ಅಂದರೆ ದೊಡ್ಡದು ಮಾಡಿ ಅಂತಲೇ ಅರ್ಥ" ಅಂದರು.

"ಸಾರ್, ನಿಮ್ಮ ಅಜ್ಜಿ ಇದ್ದರೆ ಕೇಳಿ ನೋಡಿ."

"ನನ್ನ ಅಜ್ಜಿ ಈ ವಿಚಾರಣೆಗೆ ಬರುವುದಿಲ್ಲ" ಎಂದು ಅವರು ನಕ್ಕರು. ಉಳಿದಿಬ್ಬರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸಿಟ್ಟು ನುಂಗಿಕೊಂಡು ಕೇಳಿದೆ: ಅಪಾಯದಲ್ಲಿದ್ದವಳು ನಾನು, ಕೂಗಿದವಳು ನಾನು, ನಾನೇ ಬಂದ್ ಮಾಡಿ ಅಂದೆ ಎಂದು ಹೇಳುತ್ತಿದ್ದೇನೆ, ಇನ್ನೇನು ಬೇಕು? ಅವರು ಶಾಂತವಾಗಿ ಉತ್ತರ ಕೊಟ್ಟರು. ನೀವು ನಿಮ್ಮ ಜೊತೆಗಾರನ ಪರವಾಗಿ ಮಾತಾಡುವುದು ಸಹಜ, ನಿಮ್ಮ ಒಳ್ಳೆಯತನ ನಮಗೆ ಅರ್ಥವಾಗುತ್ತದೆ ಎಂದರು. ನಿಯಮದ ಶಬ್ದ ಬಿಟ್ಟು ಬೇರೆ ಶಬ್ದ ಆಡಿದ್ದಕ್ಕೆ ನನಗೆ ಎಚ್ಚರಿಕೆ ಕೊಡುತ್ತೇವೆ ಎಂದರು. ಅದನ್ನು ಒಪ್ಪಿಕೊಂಡೆ. ಆ ತಪ್ಪು ನನ್ನದೇ, ಶಿಕ್ಷೆಯೂ ನನಗೇ ಆಗಲಿ ಎಂದು ಮೇಜಿನ ಮೇಲೆ ಕೈ ಬಡಿದು ಹೇಳಿದೆ. ಅವರು ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ.

ಭಾಯ್ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಚಹಾ ತರಿಸಿದೆ. ಹಾಲು ಕಡಿಮೆ ಇತ್ತು, ಸುಮ್ಮನೆ ಕುಡಿದರು.

"ಅಕ್ಕೋರ, ನಿಮಗೂ ಕೇಳಿದ್ರೇನ್ರಿ, ಮನಿ ಮಂದಿ ಯಾರ್ಯಾರು ಎಲ್ಲೆಲ್ಲಿ ಅದಾರ, ಹೊರದೇಶದಾಗ ಯಾರರ ಅದಾರೇನು ಅಂತ?"

ನನ್ನ ಚಿಕ್ಕಪ್ಪನ ಮಗ ಹೊರದೇಶದಲ್ಲಿದ್ದಾನೆ. ನನ್ನನ್ನು ಯಾರೂ ಕೇಳಿರಲಿಲ್ಲ. "ಇಲ್ರಿ" ಅಂದೆ.

"ನನ್ನ ಸಾಲ ಒಬ್ಬ ಗಲ್ಫಿನ್ಯಾಗ ಲಾರಿ ಹೊಡೀತಾನ. ಅವನ ಬಗ್ಗೆನೇ ಭಾಳ ಕೇಳಿದ್ರು." ಸಾಲ ಅಂದರೆ ಹೆಂಡತಿಯ ತಮ್ಮ. ಲೋಟ ಕೆಳಗಿಟ್ಟು ಅವರು ಒಗೆದರೂ ಅಂಗಿಯ ತೋಳಿನ ಮೇಲೆ ಉಳಿದಿದ್ದ ಎಣ್ಣೆಯ ಕಲೆಯನ್ನು ಉಜ್ಜುತ್ತ ಕುಳಿತರು.

ಅವರ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಹೊರಿಸಿದ್ದರೆ ಜಗಳಕ್ಕೆ ಒಂದು ಹಿಡಿಕೆಯಾದರೂ ಸಿಗುತ್ತಿತ್ತು. ಶೆಡ್ಡಿನೊಳಗೆ ಬರಲು ನಮಗೆಲ್ಲ ಪಾಸು ಇತ್ತು, ಆಗಾಗ ಹೊಸದಾಗಿ ಬರುತ್ತಿತ್ತು. ಆ ಸಲ ಎಲ್ಲರದೂ ಬಂತು, ಅವರದು ಬರಲಿಲ್ಲ, ಅಷ್ಟೆ. ಗೇಟಿನಲ್ಲಿದ್ದ ಕಾವಲುಗಾರ ಹತ್ತಿರದ ಕೊಹಿನೂರ ಎಂಬ ಹಳ್ಳಿಯವನು, ಒಕ್ಕಲುತನದ ಮನೆಯವನು. ಅವನು ತರುತ್ತಿದ್ದ ಜೋಳದ ರೊಟ್ಟಿಗೂ ಭಾಯ್ ತರುತ್ತಿದ್ದ ಖೀಮಾಕ್ಕೂ ದಿನಾ ಅದಲುಬದಲು ನಡೆಯುತ್ತಿತ್ತು. ಆ ಮುಂಜಾನೆ ನಾನು ಗೇಟಿಗೆ ಬಂದಾಗ ಅವರಿಬ್ಬರೂ ಎದುರುಬದುರು ನಿಂತಿದ್ದರು.

"ಸಾಹೇಬ್ರ, ನನಗ ಬಿಡಾಕ ಬರಂಗಿಲ್ರಿ. ನಿಮ್ಮ ಪಾಸ್ ಬಂದಿಲ್ರಿ" ಎಂದು ಕಾವಲುಗಾರ ನೆಲ ನೋಡುತ್ತ ಹೇಳುತ್ತಿದ್ದ.

"ಹೌದೇನಪಾ" ಅಂದರು ಭಾಯ್. ಜಗಳವಾಡಲಿಲ್ಲ. ಕೈಯಲ್ಲಿದ್ದ ಡಬ್ಬಿಯನ್ನು ಅವನಿಗೆ ಕೊಟ್ಟು, ಗಾಡಿ ತಿರುಗಿಸಿ ಹುಮನಾಬಾದಿನ ಕಡೆ ಹೋದರು. ಮಧ್ಯಾಹ್ನ ನಾನು ನೋಡಿದಾಗ ಡಬ್ಬಿ ಹಾಗೆಯೇ ಗೇಟಿನ ಪಕ್ಕದ ಕುರ್ಚಿಯ ಮೇಲಿತ್ತು, ಕಾವಲುಗಾರ ದೂರ ಬೇವಿನ ಮರದ ಕೆಳಗೆ ಉಪವಾಸ ಕುಳಿತಿದ್ದ.

ನಾನು ಮೇಲಿನವರಿಗೆ ಬರೆದೆ, ಫೋನು ಮಾಡಿದೆ, ಬೈದೆ, ಕೈ ಮುಗಿದೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರುತ್ತಿತ್ತು. ಪರಿಶೀಲನೆ ಎಂಬ ಶಬ್ದದ ಮೇಲೆ ನನಗೆ ಹೇಸಿಗೆ ಹುಟ್ಟಿತು. ಕೆಲಸ ಬಿಟ್ಟುಬಿಡಲೇ ಎಂದು ಯೋಚಿಸಿದ್ದುಂಟು. ಭಾಯ್ ಬಿಡಗೊಡಲಿಲ್ಲ. "ನೀವು ಬಿಟ್ರ ನಾನೇ ತಪ್ಪ ಮಾಡೀನಿ ಅಂದಂಗ ಆಗ್ತದರಿ. ನೀವ ಒಳಗ ಇರ್ರಿ. ಒಂದಿಲ್ಲ ಒಂದ ದಿನ ನನ್ನ ಕರಸ್ತೀರಿ" ಅಂದರು. ಆ ಒಂದು ದಿನಕ್ಕಾಗಿ ಅವರು ಕಾಯುತ್ತಿದ್ದರು. ಬೇರೆ ಕಡೆಯಿಂದ ಕೆಲಸದ ಕರೆ ಬಂದರೂ ಹೋಗಲಿಲ್ಲ. ಮತ್ತೆ ಆ ಗೇಟಿನೊಳಗೆ ತಲೆ ಎತ್ತಿಕೊಂಡು ಬರಬೇಕು, ಅದೊಂದೇ ಅವರಿಗೆ ಬೇಕಾಗಿದ್ದದ್ದು. ನನಗೂ ಅದೊಂದೇ ಬೇಕಾಗಿತ್ತು.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ, ಮಠಕ್ಕೆ ಹೋಗುವ ರಸ್ತೆಯಲ್ಲಿ, ಅವರ ಸಂಬಂಧಿಕರದೊಂದು ಅಂಗಡಿ ಇದೆ. ಅಲ್ಲಿ ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುತ್ತ ಕುಳಿತರು. ಎಡಕ್ಕೆ ತೆಂಗಿನಕಾಯಿ, ಊದುಬತ್ತಿ ಮಾರುವವರು, ಬಲಕ್ಕೆ ಆಟೋಗಳ ಸಾಲು. ನಾನು ಸಮಯ ಸಿಕ್ಕಾಗಲೆಲ್ಲ ಬಸ್ ಹಿಡಿದು ಹೋಗುತ್ತಿದ್ದೆ. ಮೊದಮೊದಲು ಒಲೆಯ ಸುದ್ದಿ ಕೇಳುತ್ತಿದ್ದರು. ಹೊಸ ತುಂಡು ಬಂತೇನು, ಉರಿ ನೀಲಿ ಇದೆಯೋ ಹಳದಿ ಇದೆಯೋ, ಕವಾಟದ ಮುಂದೆ ಈಗ ಯಾರು ಕೂರುತ್ತಾರೆ. ಹೊರಗಿನವರಿಗೆ ಅದನ್ನೆಲ್ಲ ಹೇಳುವಂತಿಲ್ಲ. ಅವರು ಈಗ ಹೊರಗಿನವರು. ನಾನು ತಡವರಿಸುವುದನ್ನು ನೋಡಿ ಅವರೇ ಕೇಳುವುದನ್ನು ಬಿಟ್ಟರು. ಆಮೇಲೆ ನಾವು ಮಳೆ, ಬಸ್ಸು, ಮಕ್ಕಳ ಓದು ಎಂದು ಮಾತಾಡಿದೆವು. ಇಷ್ಟು ವರ್ಷ ಬೆಂಕಿಯ ಮುಂದೆ ಜೊತೆಗೆ ಕುಳಿತವರು ಹೀಗೆ ಮಾತಾಡಬೇಕಾಯಿತಲ್ಲ ಎಂದು ವಾಪಸ್ ಬರುವ ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ.

ಒಮ್ಮೆ ಅವರ ಮನೆಗೆ ಊಟಕ್ಕೆ ಕರೆದರು. ಅವರ ಬೇಗಂ ಒಳ್ಳೆಯ ಗಟ್ಟಿ ದನಿಯ ಹೆಂಗಸು, ನನ್ನ ತಟ್ಟೆಗೆ ಬಡಿಸುತ್ತಲೇ ಇದ್ದರು. ಒಲೆಯ ಮೇಲೆ ಇಟ್ಟಿದ್ದೇನೋ ಸೀಯುವ ವಾಸನೆ ಬಂತು. ಬೇಗಂ ಒಳಗಿದ್ದ ಮಗಳಿಗೆ "ಚೂಲ್ಹಾ ಬಢಾ ದೇ ಬೇಟಾ" ಅಂದರು.

"ಬಂದ್ ಕರ್ ಬೋಲೋ!" ಬಂದ್ ಮಾಡು ಅನ್ನು ಎಂದು ಭಾಯ್ ಗದರಿಸಿದರು. ಅವರು ಹಾಗೆ ಗದರಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಎಷ್ಟ ಸಲ ಹೇಳೀನಿ? ಈ ಮನ್ಯಾಗ ಆ ಮಾತ ಬ್ಯಾಡ ಅಂತ."

ಮಗಳು ಬಂದು ಬಾಗಿಲಲ್ಲಿ ನಿಂತಳು. ಬೇಗಂ ನನ್ನ ಮುಖ ನೋಡಿ, ನಾಚಿಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಅವರ ಅಮ್ಮಿಯಿಂದ, ಅಮ್ಮಿಯ ಅಮ್ಮಿಯಿಂದ ಬಂದ ಮಾತು ಅದು. ಯಾವ ಮನೆಯ ದೀಪಕ್ಕೆ ಕೆಟ್ಟದ್ದಾಗದಿರಲಿ ಎಂದು ಹುಟ್ಟಿತ್ತೋ ಅದೇ ಮನೆಯಿಂದ ಅದನ್ನು ಹೊರಗೆ ಹಾಕಿದ್ದರು. ಆ ಮೂವರು ಹಿರಿಯರು ಇದನ್ನು ನೋಡಬೇಕಿತ್ತು ಎಂದು ಬಹಳ ಅನ್ನಿಸಿತು. ನೋಡಿದ್ದರೂ ಅವರಿಗೆ ಏನು ತಿಳಿಯುತ್ತಿತ್ತೋ.

ಕಾಲ ಹೋಯಿತು. ಸಂಶೋಧನೆಯ ಮುಂದಿನ ಹಂತಕ್ಕೆ ಹಣ ಬಂತು, ಹೊಸ ಉರಿಕೋಣೆಯೂ ಬಂತು. ಮೇಲೆ ಅಧಿಕಾರಿಗಳು ಬದಲಾದರು. ಹೊಸಬರಿಗೆ ಕೆಲಸ ಬೇಗ ಆಗಬೇಕಾಗಿತ್ತು. ಕವಾಟಗಳ ಮುಂದೆ ಅನುಭವಸ್ಥರು ಯಾರಿದ್ದಾರೆ ಎಂದು ಫೋನಿನಲ್ಲಿ ಕೇಳಿದರು. ನಾನು ಭಾಯ್ ಹೆಸರು ಹೇಳಿದೆ. ಜಗಳಕ್ಕೆ ಸಿದ್ಧಳಾಗಿಯೇ ಹೇಳಿದೆ. ಆ ಕಡೆಯಿಂದ "ಸರಿ, ಕಳಿಸಿ" ಅಂದರು. ಕೆಲವೇ ದಿನಗಳಲ್ಲಿ ಪಾಸು ಬಂದೇಬಿಟ್ಟಿತು, ಅವರ ಹಳೆಯ ಫೋಟೋ ಹಚ್ಚಿದ ಪಾಸು. ಹೋಗುವಾಗಲೂ ಯಾರೂ ಕಾರಣ ಹೇಳಿರಲಿಲ್ಲ, ಬರುವಾಗಲೂ ಹೇಳಲಿಲ್ಲ. ಅವರ ತಪ್ಪಿಲ್ಲ ಎಂದು ಒಂದು ಸಾಲು ಬೇಕಿತ್ತು, ಅದು ಎಲ್ಲಿಯೂ ಇರಲಿಲ್ಲ. ಇರದಿದ್ದರೆ ಇಲ್ಲ. ನನಗೆ ಅಂದು ಅಷ್ಟೇ ಸಾಕಾಗಿತ್ತು. ಗೇಟಿನ ಕಾವಲುಗಾರನಿಗೆ ಹೇಳಿದೆ. ಅವನು "ನಾಳಿಗಿ ರೊಟ್ಟಿ ಜಾಸ್ತಿ ತರ್ತೀನ್ರಿ" ಅಂದ. ಅಂದೇ ಮಧ್ಯಾಹ್ನ ಹುಮನಾಬಾದಿನ ಬಸ್ ಹತ್ತಿ, ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಮಾಣಿಕನಗರಕ್ಕೆ ಹೋದೆ.

ಅವರು ಒಂದು ಒಲೆಯ ಬರ್ನರ್ ಬಿಚ್ಚಿ ಕುಳಿತಿದ್ದರು. ನಾನು ಏನೂ ಹೇಳದೆ ಪಾಸನ್ನು ಮುಂದಿಟ್ಟೆ. ಕೈ ಒರೆಸಿಕೊಂಡು ಎತ್ತಿ ನೋಡಿದರು. ಫೋಟೋದಲ್ಲಿದ್ದ ತಮ್ಮ ಕಪ್ಪು ಮೀಸೆಯನ್ನು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು.

"ನಾಳೆ ಬರ್ರಿ ಭಾಯ್. ಹೊಸ ಒಲಿ ಬಂದದ. ನೀವ ಹೊತ್ತಸಬೇಕು."

"ಅಕ್ಕೋರ, ಕೂಡ್ರಿ" ಎಂದು ಸ್ಟೂಲು ಸರಿಸಿದರು. ಚಹಾ ಹೇಳಿದರು.

"ನೀವು ಇದಕ್ಕ ಎಷ್ಟ ಓಡಾಡೀರಿ ನನಗ ಗೊತ್ತದ. ಆದ್ರ ನಾ ಬರಂಗಿಲ್ರಿ."

ನಾನು ಸಿಟ್ಟಿಗೆದ್ದೆ. ಅವರ ತಪ್ಪಿಲ್ಲವೆಂದು ಬರೆದು ಕೊಡದಿದ್ದದ್ದಕ್ಕೆ ಮುನಿಸೇ ಎಂದೆ. ಅದನ್ನೂ ತರುತ್ತೇನೆ, ಮತ್ತೆ ಜಗಳವಾಡುತ್ತೇನೆ ಎಂದೆ. ಮನಸ್ಸಿಗೆ ಬಂದ 'ಇನ್ನೆಷ್ಟು ಮೊಂಡುತನ' ಎಂಬ ಮಾತನ್ನೂ ಆಡಿಬಿಟ್ಟೆ. ಅವರು ಕೇಳಿಸಿಕೊಂಡರು.

"ಮುನಿಸಲ್ರಿ" ಅಂದರು. "ಆವತ್ತ ನೀವು ಕೂಗಿದ್ರಿ, ನನ್ನ ಕೈ ಹೋತು. ನಡುವ ನಾ ಇರ್ಲಿಲ್ಲ. ಈಗ ನೀವು ಕೂಗಿದ್ರ ಮೊದಲ ವಿಚಾರ ಮಾಡ್ತೀನ್ರಿ. ಅಕ್ಕೋರು ಏನಂದ್ರು, ರೆಕಾರ್ಡಿನ್ಯಾಗ ಹ್ಯಾಂಗ ಕೇಳಸ್ತದ, ನಾಳಿ ಮಂದಿ ಬಂದು ನನಗ ಏನ ಕೇಳ್ತಾರ. ಇಷ್ಟ ವಿಚಾರ ಮಾಡಿ ಆಮ್ಯಾಲ ಕೈ ಹೋಗ್ತದ. ಅಷ್ಟೊತ್ತಿಗಿ ನೀವು ಇರಂಗಿಲ್ರಿ."

ಬಿಸಿ ಕೊಳವೆಗೆ ಎಣ್ಣೆ ತಾಗಿ ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುವುದು ನನ್ನ ವಿದ್ಯೆ. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಒಂದು ವಿಚಾರವನ್ನೂ ಪೂರ್ತಿ ಮಾಡಲಾಗುವುದಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಇದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಒತ್ತಾಯ ಮಾಡಲಾಗಲಿಲ್ಲ.

ಒಬ್ಬಳು ಹೆಂಗಸು ಕುಕ್ಕರ್ ಹಿಡಿದುಕೊಂಡು ಬಂದು ಸೀಟಿ ಹೊಡೆಯುವುದಿಲ್ಲ ಎಂದಳು. ಭಾಯ್ ಪಾಸನ್ನು ಒರೆಸಿ ನನ್ನ ಕೈಗೆ ಕೊಟ್ಟರು. ನಾನದನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ. ಮರುದಿನದಿಂದ ಕವಾಟದ ಮುಂದೆ ಕೂರಲು ಬೇರೆಯವರನ್ನು ಹುಡುಕತೊಡಗಿದೆವು.